ಮೇಲಿನ ಮನೆಯ ಕುಟ್ಟಾಣಿ

ಬೆಂಗಳೂರಿನ ಹಳೆಯ ವಠಾರಗಳಲ್ಲಿ ಜಗಳಕ್ಕೆ ಕಾರಣಗಳು ಬೇಕಾದಷ್ಟಿದ್ದುವು. ನಲ್ಲಿಯ ನೀರು, ಬಟ್ಟೆ ಹರವುವ ಹಗ್ಗ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಯಾವುದಾದರೂ ಸಾಲುತ್ತಿತ್ತು. ಆದರೆ ಪಕ್ಕದ ಮನೆಯ ಒರಳಿನಿಂದ ನಿದ್ರೆ ಕೆಟ್ಟಿತೆಂಬ ದೂರು ಅಷ್ಟಾಗಿ ಹುಟ್ಟುತ್ತಿರಲಿಲ್ಲ. ಒರಳು ನೆಲದ ಮೇಲಿತ್ತು, ನೆಲದ ಕೆಳಗೆ ಮಣ್ಣಿತ್ತು. ಎಷ್ಟು ಪೆಟ್ಟು ಬಿದ್ದರೂ ಭೂಮಿತಾಯಿ ನುಂಗಿಕೊಳ್ಳುತ್ತಿದ್ದಳು. ಬಹುಮಹಡಿಯ ಕಟ್ಟಡದಲ್ಲಾದರೋ ಒಬ್ಬರ ನೆಲವೇ ಇನ್ನೊಬ್ಬರ ಸೂರು. ಮೂರನೆಯ ಮಹಡಿಯ ಗೃಹಿಣಿ ಬೆಳಗಿನ ಐದೂವರೆಗೆ ಕಷಾಯಕ್ಕೆಂದು ಶುಂಠಿ ಕುಟ್ಟಿದರೆ, ಎರಡನೆಯ ಮಹಡಿಯಲ್ಲಿ ಮಲಗಿದವರಿಗೆ ತಲೆಯ ಮೇಲೆಯೇ ಕುಟ್ಟಿದಂತಾಗುತ್ತದೆ.

ಇದರಲ್ಲಿ ದ್ವೇಷವಿದೆಯೆಂದು ಕೆಳಗಿನವರು ಬಹುಬೇಗ ತೀರ್ಮಾನಿಸಿಬಿಡುತ್ತಾರೆ. ನಿಜಸ್ಥಿತಿ ಬೇರೆ. ಮಾತಿನ ಸದ್ದು ಗಾಳಿಯಲ್ಲಿ ಬರುವಂಥದು. ಕಾಂಕ್ರೀಟಿನ ಸೂರು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಪೆಟ್ಟು ಹಾಗಲ್ಲ, ಅದು ಕಾಂಕ್ರೀಟನ್ನೇ ನಡುಗಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವ ಶಬ್ದ ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಮಿಕ್ಕ ವೇಗದಿಂದ ಓಡಿ, ತೊಲೆ ಕಂಬಗಳನ್ನು ಹಿಡಿದು ಎತ್ತಲೋ ಹೊರಬೀಳುತ್ತದೆ. ಆದುದರಿಂದ ನೆತ್ತಿಯ ಮೇಲೆ ಕೇಳುವ ಸದ್ದು ನೇರ ಮೇಲಿನ ಮನೆಯದೇ ಆಗಿರಬೇಕೆಂಬ ನಿಯಮವಿಲ್ಲ. ಓರೆಯಾಗಿರುವ ಮನೆಯದೂ ಆಗಿರಬಹುದು. ನಿರಪರಾಧಿಗಳ ಬಾಗಿಲು ತಟ್ಟಿ, ವರ್ಷಗಟ್ಟಲೆ ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುವ ಸಂಸಾರಗಳು ಎಷ್ಟಿವೆಯೋ!

ಕುಟ್ಟುವವರಿಗೆ ತಮ್ಮ ಪೆಟ್ಟು ಕೆಳಗೆ ಹೇಗೆ ಕೇಳುತ್ತದೆಂಬುದು ತಿಳಿಯುವುದೇ ಇಲ್ಲ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಮನೆಯವರೆದುರು ಅವರನ್ನು ನಿಲ್ಲಿಸಿದರೆ ತಿಳಿವಳಿಕೆ ಬರುವುದಿಲ್ಲ, ಹಟ ಬರುತ್ತದೆ. ಅದಕ್ಕಿಂತ, “ಅಮ್ಮಾ, ಒಂದು ನಿಮಿಷ ನಮ್ಮ ಮನೆಗೆ ಬನ್ನಿ. ಮೇಲೆ ನಿಮ್ಮ ಸೊಸೆ ಕುಟ್ಟಲಿ, ನೀವೇ ಇಲ್ಲಿ ಕುಳಿತು ಕೇಳಿ” ಎಂದು ಕರೆಯುವುದು ಮೇಲು. ಸದ್ದು ಅವರದೋ ಅಲ್ಲವೋ ಎಂಬುದೂ ಅಲ್ಲಿಯೇ ಇತ್ಯರ್ಥವಾಗುತ್ತದೆ. ಅವರದೇ ಆದರೆ ಉಪಾಯ ಅಗ್ಗ: ಕುಟ್ಟಾಣಿಯ ಕೆಳಗೆ ದಪ್ಪ ರಬ್ಬರು, ಇಲ್ಲವೆ ನಾಲ್ಕು ಮಡಿಕೆಯ ಹಳೆಯ ಜಮಖಾನ, ಕುರ್ಚಿಯ ಕಾಲಿಗೆ ಬಟ್ಟೆಯ ತುಂಡು.

ಕರೆದರೂ ಬಾರದೆ ಬಾಗಿಲು ಹಾಕಿಕೊಳ್ಳುವವರೂ ಉಂಟು. ಅಂಥವರಿಗೆ ದಿನ, ವೇಳೆಗಳನ್ನು ಗುರುತಿಸಿ ಸಂಘಕ್ಕೆ ಬರೆದುಕೊಡಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ ಸಂಘದ ಉಪನಿಯಮಗಳಿಗೆ ಪ್ರತಿಯೊಬ್ಬ ಮಾಲೀಕನೂ ಬದ್ಧ. ಅದರಾಚೆಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶಕ್ಕೆ ಅವು ವಿಧಿಸಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕವನ್ನು ಅಡಗಿಸಲು ಇವು ಸಮರ್ಥವೇ ಸರಿ. ಕ್ಷಣಮಾತ್ರದ ಕುಟ್ಟಾಣಿಯ ಪೆಟ್ಟನ್ನು ಅಳೆಯಲು ಹೊರಟರೆ ಶುಂಠಿಗಿಂತ ಶ್ರಮವೇ ಹೆಚ್ಚು.

ಇನ್ನೊಂದು ತೊಡಕುಂಟು. ಆ ನಿಯಮಗಳ ರಾತ್ರಿ ಹತ್ತು ಗಂಟೆಗೆ ಆರಂಭವಾಗಿ ಬೆಳಗಿನ ಆರಕ್ಕೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಮಂದಿಯ ರಾತ್ರಿ ಆಗ ಆರಂಭವಾಗುತ್ತದೆ. ಆಸ್ಪತ್ರೆಯ ದಾದಿ, ಹೊರದೇಶದ ಗಡಿಯಾರಕ್ಕೆ ದುಡಿಯುವ ತರುಣ, ಇವರು ಮನೆ ಸೇರಿ ಕಣ್ಣು ಮುಚ್ಚುವ ಹೊತ್ತಿಗೆ ಮೇಲೆ ಚಟ್ನಿಯ ಸನ್ನಾಹ. ಮೇಲಿನವರದು ತಪ್ಪೆನ್ನಲು ಯಾವ ಕಾಯಿದೆಗೂ ಬಾಯಿಲ್ಲ. ಎಂಟು ಗಂಟೆಗೆ ಮಕ್ಕಳ ಡಬ್ಬಿ ಸಿದ್ಧವಾಗಲೇಬೇಕು. ಇಲ್ಲಿ ಉಳಿಯುವುದು ಕೇಳಿಕೊಳ್ಳುವುದೊಂದೇ, ಅದೂ “ಸದ್ದು ಮಾಡಬೇಡಿ” ಎಂದಲ್ಲ, “ಈ ವಾರ ನನಗೆ ರಾತ್ರಿಪಾಳಿ” ಎಂದು. ಹಿಂದಿನ ರಾತ್ರಿಯೇ ರುಬ್ಬಿಡಲು ಮೇಲಿನಾಕೆಗೆ ಕಷ್ಟವೇನಿಲ್ಲ, ಯಾವ ವಾರವೆಂಬುದು ಮಾತ್ರ ತಿಳಿದಿರಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ಗುರುತಿಗೆ ಸ್ಥಳ ಇದ್ದೇ ಇರುತ್ತದೆ.