ದೊಡ್ಡ ಡಿಸ್ಕ್ ಹಾಕಿಸುವ ಮೊದಲು

ಸೇಡಂನಿಂದ ಮಳಖೇಡದ ಮೇಲೆ ಕಲಬುರಗಿಗೆ ಹೋಗಲಿ, ವಾಡಿಯಿಂದ ಶಹಾಬಾದಿಗೆ ಹೋಗಲಿ, ಕಾರಿನ ಮುಂದೆ ಒಂದು ಲಾರಿ ಇದ್ದೇ ಇರುತ್ತದೆ. ವಾಡಿಯ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರ ಸೀಮೆಯಲ್ಲಿ ಒಂದರ ಹಿಂದೊಂದು ಸಿಮೆಂಟ್ ಕಾರ್ಖಾನೆಗಳು ಎದ್ದವು. ಸಿಮೆಂಟ್ ಬಲ್ಕರ್, ಸುಣ್ಣಕಲ್ಲಿನ ಟಿಪ್ಪರ್, ಶಹಾಬಾದ್ ಕಲ್ಲು ಹೊತ್ತ ಲಾರಿ, ತೊಗರಿ ರಾಶಿಯ ದಿನಗಳಲ್ಲಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್, ಇವೆಲ್ಲದರ ನಡುವೆ ಹದಿನೈದು ಇಪ್ಪತ್ತು ವರ್ಷದ ಕಾರು ಓಡಿಸುವವರಿಗೆ ಬ್ರೇಕಿನ ಚಿಂತೆ ಹತ್ತುವುದು ಸಹಜ. ‘ಗಾಡಿ ಬ್ರೇಕ್ ಹಿಡಿಯವಲ್ದು’ ಎಂದು ಗ್ಯಾರೇಜಿಗೆ ಹೋದವರಿಗೆ ಈಗ ಒಂದು ಹೊಸ ಸಲಹೆ ಸುಲಭವಾಗಿ ಸಿಗುತ್ತದೆ: ದೊಡ್ಡ ಗಾಡಿಯ ಡಿಸ್ಕ್ ಮತ್ತು ಕ್ಯಾಲಿಪರ್ ತಂದು, ಲೇತ್‌ನಲ್ಲಿ ಒಂದು ಪ್ಲೇಟ್ ಮಾಡಿಸಿ, ನಿಮ್ಮ ಕಾರಿಗೆ ಕೂರಿಸಿಬಿಡೋಣ. ಮೊಬೈಲಿನಲ್ಲಿ ನೋಡಿದ ವಿಡಿಯೊಗಳೂ ಅದನ್ನೇ ಹೇಳುತ್ತವೆ. ಈ ಭಾಗದ ಹಳೆ ಕಾರುಗಳಲ್ಲಿ ಹೆಚ್ಚಿನವಕ್ಕೆ ಈ ಖರ್ಚು ಬೇಕಾಗಿಲ್ಲ, ಕೆಲಸ ಕೆಟ್ಟರೆ ಇದ್ದ ಬ್ರೇಕೂ ಹೋಗುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಕಾರಣಗಳಿವೆ. ಹಾಗೆಯೇ ದೊಡ್ಡ ಡಿಸ್ಕ್ ನಿಜಕ್ಕೂ ಬೇಕಾಗುವ ಸಂದರ್ಭಗಳೂ ಇವೆ.

ಬ್ರೇಕ್ ಮಾಡುವುದು ಒಂದೇ ಕೆಲಸ, ಓಟದ ಶಕ್ತಿಯನ್ನು ಶಾಖವಾಗಿ ಬದಲಿಸುವುದು. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 247 ಕಿಲೋಜೌಲ್ ಶಕ್ತಿ ಇರುತ್ತದೆ. ವೇಗ 60ಕ್ಕೆ ಇಳಿದರೆ ಅದು 139ಕ್ಕೆ ಇಳಿಯುತ್ತದೆ, 100ಕ್ಕೆ ಏರಿದರೆ 386ಕ್ಕೆ ಏರುತ್ತದೆ. ಈ ಶಾಖವನ್ನು ಹೀರಿಕೊಳ್ಳುವುದು ಡಿಸ್ಕಿನ ಎರಕದ ಕಬ್ಬಿಣ. ರೊಟ್ಟಿ ಬೇಯಿಸುವ ದಪ್ಪ ಹಂಚು ತೆಳು ಹಂಚಿಗಿಂತ ನಿಧಾನವಾಗಿ ಕಾಯುವ ಹಾಗೆ, ಭಾರದ ಡಿಸ್ಕ್ ನಿಧಾನವಾಗಿ ಕಾಯುತ್ತದೆ. ದೊಡ್ಡ ಡಿಸ್ಕಿನ ಮುಖ್ಯ ಲಾಭ ಇದೇ. ಆದರೆ ಆ ಲಾಭ ನಮಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಬೇಕು. ಸಣ್ಣ ಕಾರಿನ ಮುಂದಿನ ಎರಡು ಡಿಸ್ಕ್ ತಲಾ 4 ಕೆಜಿ ಇವೆ, ನಿಲ್ಲಿಸುವ ಕೆಲಸದಲ್ಲಿ ಶೇ 70 ಭಾಗ ಅವುಗಳ ಪಾಲಿಗೆ ಬರುತ್ತದೆ ಎಂದುಕೊಳ್ಳಿ. 80ರ ವೇಗದಿಂದ ಒಮ್ಮೆ ಪೂರ್ತಿ ನಿಂತಾಗ ಡಿಸ್ಕಿನ ಬಿಸಿ ಏರುವುದು 50 ಡಿಗ್ರಿಗಿಂತ ಕಡಿಮೆ. ಮುಂದೆ ಟ್ರ್ಯಾಕ್ಟರ್ ಅಡ್ಡ ಬಂದಾಗ ನೀವು ಒತ್ತುವ ಆ ಒಂದು ಬ್ರೇಕಿಗೆ ಕಂಪನಿ ಕೊಟ್ಟ ಡಿಸ್ಕೇ ಸಾಕಾಗಿ ಉಳಿಯುತ್ತದೆ. ಬ್ರೇಕ್ ಕಾದು ಸೋಲುವುದು ಬಿಡುವಿಲ್ಲದೆ ಮತ್ತೆ ಮತ್ತೆ ಒತ್ತಿದಾಗ. 1953ರ ಲೆ ಮಾನ್ಸ್ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಹಾಕಿದ್ದ ಜಾಗ್ವಾರ್ ಗೆದ್ದದ್ದು ಇದೇ ಕಾರಣಕ್ಕೆ ಪ್ರಸಿದ್ಧವಾಯಿತು. ಇಪ್ಪತ್ನಾಲ್ಕು ಗಂಟೆಯ ಓಟದಲ್ಲಿ ಪ್ರತಿ ಸುತ್ತಿಗೂ ಮಹಾವೇಗದಿಂದ ಇಳಿಯಬೇಕಾದಾಗ ಡ್ರಮ್‌ಗಳು ದಣಿದವು, ಡಿಸ್ಕ್‌ಗಳು ದಣಿಯಲಿಲ್ಲ. ಚಿತ್ತಾಪುರದ ಸಂತೆಗೆ ಹೋಗಿಬರುವ ಕಾರಿನ ಮೇಲೆ ಅಂಥ ಹೊರೆ ಎಂದೂ ಬೀಳುವುದಿಲ್ಲ.

ಹಾಗಾದರೆ ಕಾರನ್ನು ಕೊನೆಗೂ ನಿಲ್ಲಿಸುವುದು ಯಾವುದು? ಟೈರು. ರಸ್ತೆಗೆ ತಾಗುವುದು ಅದೊಂದೇ. ಒಣಗಿದ, ಚೊಕ್ಕ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತದಲ್ಲಿ 80ರ ವೇಗದ ಕಾರು ಸುಮಾರು 36 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಅರ್ಧಕ್ಕೆ ಸಮೀಪ ಇಳಿದರೆ ಅದೇ ಕಾರಿಗೆ 60 ಮೀಟರ್ ದಾಟುತ್ತದೆ. ಚಾಲಕ ಬೆಚ್ಚಿ ಕಾಲಿಡುವ ಒಂದು ಸೆಕೆಂಡಿನಲ್ಲಿ ಓಡಿದ 22 ಮೀಟರ್ ಇದಕ್ಕೆ ಬೇರೆ. ಈ ಲೆಕ್ಕದಲ್ಲಿ ಡಿಸ್ಕಿನ ಅಳತೆ ಎಲ್ಲೂ ಬರುವುದಿಲ್ಲ. ಚಕ್ರವನ್ನು ಸಿಕ್ಕಿಬೀಳಿಸುವಷ್ಟು ಬಲ ಇರುವ ಬ್ರೇಕಿಗೆ ಇನ್ನಷ್ಟು ಬಲ ಕೊಟ್ಟರೆ ಚಕ್ರ ಇನ್ನೂ ಬೇಗ ಸಿಕ್ಕಿಬಿದ್ದು ಜಾರುತ್ತದೆ, ಅಷ್ಟೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ, ಚಕ್ರ ಹೀಗೆ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ನಾವು ಮಾತಾಡುತ್ತಿರುವ ಹಳೆ ಕಾರುಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಮುಂದಿನ ಚಕ್ರ ಜಾರತೊಡಗಿದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ನಮ್ಮ ರಸ್ತೆಗಳ ನಿಜವಾದ ಅಪಾಯವೂ ಇಲ್ಲೇ ಇದೆ. ಕಾರ್ಖಾನೆ ಗೇಟಿನ ಆಸುಪಾಸು ಡಾಂಬರಿನ ಮೇಲೆ ಕೂತ ಸುಣ್ಣಕಲ್ಲಿನ ಪುಡಿ, ಮೊದಲ ಮಳೆಗೆ ಅದು ಕಲಸಿ ಆಗುವ ಬೂದು ರಾಡಿ, ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರ್ ಗಾಲಿ ಉದುರಿಸಿದ ಎರಿ ಮಣ್ಣು, ಇವು ಯಾವ ಡಿಸ್ಕಿಗೂ ಬಗ್ಗುವುದಿಲ್ಲ.

ಟೈರಿನ ವಯಸ್ಸನ್ನು ಯಾರೂ ನೋಡುವುದಿಲ್ಲ, ನೋಡುವುದು ಗೀರಿನ ಆಳವನ್ನು ಮಾತ್ರ. ಟೈರಿನ ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ಗೀರು ಚೆನ್ನಾಗಿಯೇ ಇರುತ್ತದೆ, ಆದರೆ ಬೇಸಿಗೆಯಿಂದ ಬೇಸಿಗೆಗೆ ಬಿಸಿಲಲ್ಲಿ ಬೆಂದ ರಬ್ಬರು ಗಟ್ಟಿಯಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಅಂಥ ಟೈರಿನ ಮೇಲೆ ಎಷ್ಟು ದೊಡ್ಡ ಬ್ರೇಕ್ ಹಾಕಿದರೂ ಹಣ ದಂಡ.

‘ಚಕ್ರ ಸಿಕ್ಕಿಬೀಳುವ ಮಾತು ಬಿಡಿ, ನನ್ನ ಗಾಡಿಯಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಹಿಡಿಯುವುದೇ ಇಲ್ಲ’ ಎನ್ನುವವರೇ ಹೆಚ್ಚು. ಅವರ ದೂರು ನಿಜ, ಆದರೆ ಕಾರಣ ಡಿಸ್ಕ್ ಚಿಕ್ಕದಾದದ್ದಲ್ಲ. ಅದೇ ಕಾರು ಹೊಸದಿದ್ದಾಗ ಅದೇ ಡಿಸ್ಕಿನಿಂದ ಚೆನ್ನಾಗಿ ನಿಲ್ಲುತ್ತಿತ್ತು. ನಡುವೆ ಹಳತಾದದ್ದು ಉಳಿದ ಭಾಗಗಳು. ಹಿಂದಿನ ಡ್ರಮ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದನ್ನು ನೋಡಿ: ಮುಷ್ಟಿ ತುಂಬುವಷ್ಟು ಕಪ್ಪು ಧೂಳು, ಹೊಳಪು ಬಂದು ಗಾಜಿನಂತಾದ ಲೈನರ್, ಡ್ರಮ್ಮಿನ ಅಂಚಿನಲ್ಲಿ ಸವೆದು ಎದ್ದ ದಿಂಡು, ತುಕ್ಕಿಗೆ ಸಿಕ್ಕು ತಿರುಗದ ಅಡ್ಜಸ್ಟರ್, ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಕೆಳಗೆ ಒಸರಿದ ಎಣ್ಣೆ. ಅಡ್ಜಸ್ಟರ್ ತಿರುಗದಿದ್ದರೆ ಲೈನರ್ ಸವೆದಷ್ಟೂ ಡ್ರಮ್ಮಿಗೂ ಅದಕ್ಕೂ ಅಂತರ ಹೆಚ್ಚುತ್ತದೆ, ಪೆಡಲ್ ಅರ್ಧ ದಾರಿ ಖಾಲಿ ಓಡುತ್ತದೆ. ಹಿಂದಿನ ಎರಡು ಚಕ್ರ ಹೆಸರಿಗಷ್ಟೇ ಬ್ರೇಕ್ ಹಿಡಿಯುತ್ತವೆ. ಧೂಳು ಹೆಚ್ಚಿರುವ ವಾಡಿ, ಶಹಾಬಾದ್ ಕಡೆ ಈ ಡ್ರಮ್‌ಗಳನ್ನು ಬೇರೆ ಊರಿಗಿಂತ ಬೇಗ ಬೇಗ ಬಿಚ್ಚಿ ಒರೆಸಬೇಕು. ಹಾಗೆ ಒರೆಸುವಾಗ ಗಾಳಿ ಹೊಡೆದು ಧೂಳೆಬ್ಬಿಸಬಾರದು, ಒದ್ದೆ ಬಟ್ಟೆ ಬಳಸಬೇಕು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನೊಂದು ಮರೆತ ವಸ್ತು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಡಕ್ಕೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲನ್ನು ಕಾರು ಕೊಂಡಾಗಿನಿಂದ ಬದಲಿಸದವರಿದ್ದಾರೆ. ಚಕ್ರದ ಹತ್ತಿರದ ರಬ್ಬರ್ ಹೋಸ್ ಒಳಗೊಳಗೇ ಊದಿ ದಾರಿ ಕಿರಿದಾಗುವುದು, ಬೂಸ್ಟರಿನ ಗಾಳಿ ಪೈಪ್ ಬಿರಿದು ಪೆಡಲ್ ಕಲ್ಲಾಗುವುದು, ಇವೂ ಅಷ್ಟೇ ಸಾಮಾನ್ಯ. ಇಷ್ಟನ್ನೂ ಹಾಗೇ ಬಿಟ್ಟು ಹೊರಗೆ ಹೊಳೆಯುವ ಡಿಸ್ಕ್ ಹಾಕಿದರೆ ರೋಗ ಒಳಗೇ ಉಳಿಯುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಬಿಸಿಲಿನದು. ಕಲಬುರಗಿ ಜಿಲ್ಲೆಯ ಬೇಸಿಗೆಗೆ ಬೇರೆ ಊರಿನ ಲೆಕ್ಕ ಹೊಂದುವುದಿಲ್ಲ ಎನ್ನುತ್ತಾರೆ. ಬೆಂಗಳೂರಿನ 30 ಡಿಗ್ರಿಗೂ ಇಲ್ಲಿನ 43ಕ್ಕೂ ವ್ಯತ್ಯಾಸ 13 ಡಿಗ್ರಿ. ನೂರಾರು ಡಿಗ್ರಿಗೆ ಕಾದಾಗ ಮಾತ್ರ ಸೋಲುವ ಬ್ರೇಕಿಗೆ ಅದು ದೊಡ್ಡ ಅಂಕಿಯಲ್ಲ. ಬಿಸಿಲು ಕೆಡಿಸುವುದು ಟೈರನ್ನೂ ರಬ್ಬರ್ ಭಾಗಗಳನ್ನೂ. ಎರಡನೆಯ ಆಕ್ಷೇಪ ಇಳಿಜಾರಿನದು, ಅದರಲ್ಲಿ ಹುರುಳಿದೆ. ಒಂದು ಟನ್ ಕಾರು ನೂರು ಮೀಟರ್ ಎತ್ತರದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ಬ್ರೇಕಿಗೆ ಬೀಳುವ ಹೊರೆ, 80ರ ವೇಗದಿಂದ ನಾಲ್ಕು ಸಲ ನಿಂತದ್ದಕ್ಕೆ ಸಮ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಕಾರು ತುಂಬ ಜನ, ಮೇಲೆ ಲಗೇಜು ಇಟ್ಟುಕೊಂಡು ಇಳಿಯುವವರಿಗೆ ಡಿಸ್ಕಿನ ತೂಕ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಸೀಮೆಯಲ್ಲಿ ಅಷ್ಟಿಷ್ಟು ಏರಿಳಿತ ಇರುವುದು ಚಿಂಚೋಳಿಯ ಕಾಡಿನ ಗುಡ್ಡಗಳಲ್ಲಿ, ಚಂದ್ರಂಪಳ್ಳಿ ಕಡೆ. ಅದು ಘಾಟಿಯಲ್ಲ. ಎರಡನೇ ಗೇರಿನಲ್ಲಿ ಇಳಿದರೆ ಅರ್ಧ ಕೆಲಸವನ್ನು ಎಂಜಿನ್ನೇ ಮಾಡುತ್ತದೆ. ಸೇಡಂ, ಚಿತ್ತಾಪುರದ ಬಯಲಿನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಗಾಡಿಗಳ ಗತಿಯೇನು? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆ ಮಹೀಂದ್ರ ಜೀಪು ದಶಕಗಟ್ಟಲೆ ಡ್ರಮ್ಮಿನ ಮೇಲೆಯೇ ಓಡಿದವು. ಡ್ರಮ್ ಕಾದರೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ನೀರು ಹೊಕ್ಕರೆ ಒಣಗುವತನಕ ಹಿಡಿಯುವುದಿಲ್ಲ, ಒಂದು ಪಕ್ಕ ಎಳೆಯುತ್ತದೆ. ಇವುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುವುದು ತಿಳಿದವರು ಮಾಡಿದರೆ ಒಳ್ಳೆಯ ಕೆಲಸ, ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ದಾರಿ ಬೇರೆ. ಅಂಬಾಸಿಡರಿನ ಕೊನೆಯ ಕಾಲದ ಕೆಲವು ಮಾದರಿಗಳಿಗೆ ಕಂಪನಿಯೇ ಮುಂದೆ ಡಿಸ್ಕ್ ಕೊಟ್ಟಿತ್ತು. ಹಾಗೆ ಅದೇ ಕುಟುಂಬದ ಗಾಡಿಯಿಂದ ಡಿಸ್ಕ್, ಕ್ಯಾಲಿಪರ್ ಮಾತ್ರವಲ್ಲ, ಹಬ್, ಮಾಸ್ಟರ್ ಸಿಲಿಂಡರ್, ಬೂಸ್ಟರ್ ಸಮೇತ ತರುವುದು ಒಂದು ಮಾತು. ಯಾವುದೋ ಗಾಡಿಯ ಡಿಸ್ಕಿಗೆ ಕೈಯಲ್ಲಿ ಕೊರೆದ ಪ್ಲೇಟ್ ಹಾಕುವುದು ಇನ್ನೊಂದು. ದೊಡ್ಡ ಎಂಜಿನ್ ಹಾಕಿಸಿದ ಗಾಡಿಗೂ, ಸದಾ ಭಾರ ಎಳೆಯುವ ಗಾಡಿಗೂ ಇದೇ ನ್ಯಾಯ.

ಆ ಪ್ಲೇಟಿನ ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನು ಮಾಲೀಕರು ತಿಳಿದಿರಬೇಕು. ಡಿಸ್ಕ್ 230 ಮಿ.ಮೀ. ಇದ್ದದ್ದು 260 ಆದರೆ ಪ್ಯಾಡ್ ಹಿಡಿಯುವ ತ್ರಿಜ್ಯ ಸುಮಾರು 95ರಿಂದ 110ಕ್ಕೆ ಹೋಗುತ್ತದೆ. ಅಂದರೆ ಅಷ್ಟೇ ಒತ್ತಿಗೆ ಮುಂದಿನ ಚಕ್ರಕ್ಕೆ ಶೇ 15ಕ್ಕೂ ಹೆಚ್ಚು ಬಲ. ಹಿಂದಿನ ಚಕ್ರ ಇದ್ದಲ್ಲೇ ಇದೆ. ಮುಂದೆ ಹಿಂದೆ ಎಷ್ಟು ಬಲ ಹಂಚಬೇಕೆಂದು ಕಂಪನಿ ಮಾಡಿದ್ದ ಹೊಂದಾಣಿಕೆ ಅಲ್ಲಿಗೆ ಕೆಟ್ಟಿತು. ಜಾರುವ ರಸ್ತೆಯಲ್ಲಿ ಮುಂದಿನ ಚಕ್ರ ಮೊದಲಿಗಿಂತ ಬೇಗ ಸಿಕ್ಕಿಬೀಳುತ್ತದೆ. ಹಿಂದಕ್ಕೇ ದೊಡ್ಡದು ಹಾಕಿದರೆ ಇನ್ನೂ ಕೆಟ್ಟದ್ದು, ಗಾಡಿ ಗಿರಕಿ ಹೊಡೆಯುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಹೆಚ್ಚು ಆಯಿಲ್ ಬೇಕು, ಹಳೆ ಮಾಸ್ಟರ್ ಸಿಲಿಂಡರಿಗೆ ಅದನ್ನು ತಳ್ಳಲು ಪೆಡಲ್ ಆಳಕ್ಕೆ ಹೋಗಬೇಕು. ಡಿಸ್ಕ್ ಹಬ್ಬಿನ ಮೇಲೆ ನಡುವಿಗೆ ಸರಿಯಾಗಿ ಕೂರಬೇಕು. ಹಬ್ಬಿನ ಮೇಲೆ ಉಳಿದ ತುಕ್ಕಿನ ಒಂದು ಚಕ್ಕೆಯೂ ಡಿಸ್ಕನ್ನು ಓಲಾಡಿಸುತ್ತದೆ. ಡಯಲ್ ಗೇಜ್ ಹಿಡಿದು ಒಂದು ಸುತ್ತು ತಿರುಗಿಸಿದಾಗ ಮುಳ್ಳು ಮಿ.ಮೀ.ನ ಹತ್ತನೇ ಒಂದು ಭಾಗ ಅಲುಗಿದರೂ ಅದು ಹೆಚ್ಚೇ, ಪೆಡಲ್ ಕಾಲಿಗೆ ಗುದ್ದುತ್ತದೆ, ಸ್ಟೇರಿಂಗ್ ನಡುಗುತ್ತದೆ. ಇನ್ನು ಕ್ಯಾಲಿಪರ್ ಹಿಡಿದ ಪ್ಲೇಟು. ಗಾಡಿ ನಿಲ್ಲುವ ಪೂರ್ತಿ ಬಲ ಅದರ ಎರಡು ಬೋಲ್ಟಿನ ಮೇಲೆ ಬರುತ್ತದೆ. ತೂತು ತುಸು ಸಡಿಲವಾದರೆ, ವೆಲ್ಡಿಂಗ್ ಮಾಡಿ ಸರಿಪಡಿಸಿದರೆ, ಸಿಕ್ಕ ಬೋಲ್ಟ್ ಹಾಕಿದರೆ, ಅದು ಮುರಿಯುವುದು ನಿಧಾನ ಹೋಗುವಾಗಲ್ಲ, ಜೋರಾಗಿ ಒತ್ತಿದಾಗ. ರಿಮ್ಮಿನೊಳಗೆ ಜಾಗವೂ ಬೇಕು. ಮಾರುತಿ 800, ಹಳೆ ಆಲ್ಟೊದಂಥ 12 ಇಂಚಿನ ಚಕ್ರದಲ್ಲಿ ಟೈರು ಕೂರುವ ವ್ಯಾಸವೇ 305 ಮಿ.ಮೀ.; ಅದರೊಳಗೆ ಡಿಸ್ಕಿನ ಜೊತೆ ಕ್ಯಾಲಿಪರೂ ಹಿಡಿಸಬೇಕು. ಹಾಗಾಗಿ ದೊಡ್ಡ ಡಿಸ್ಕ್ ಎಂದರೆ ದೊಡ್ಡ ರಿಮ್ಮು, ಬೇರೆ ಟೈರು, ಹೆಚ್ಚು ಭಾರದ ಚಕ್ರ ಎಂದು ಖರ್ಚು ಬೆಳೆಯುತ್ತದೆ.

ಕಾನೂನೂ ಇದೆ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ 182ಎ ಸೆಕ್ಷನ್ ಸೇರಿಸಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಎಂದಿತು. ಡಿಸ್ಕಿನ ಅಳತೆ ಆರ್‌ಸಿಯಲ್ಲಿ ಬರೆದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಹೊಸ ಸೆಕ್ಷನ್ನು ಬೇರೆ ಬಿಡಿಭಾಗ ಜೋಡಿಸುವುದನ್ನೂ ಹೆಸರು ಹೇಳಿ ಸೇರಿಸಿದೆ. ಅಪಘಾತವಾದ ಮೇಲೆ ವಿಮೆಯವರೊಂದಿಗೆ ಈ ವಾದ ಹೂಡುವುದಕ್ಕಿಂತ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಲಿಖಿತವಾಗಿ ಪಡೆಯುವುದು ಲೇಸು. ಹದಿನೈದು ವರ್ಷ ತುಂಬಿದ ಕಾರು ನೋಂದಣಿ ನವೀಕರಣಕ್ಕೆ ಹೇಗೂ ಅಲ್ಲಿಗೆ ತಪಾಸಣೆಗೆ ಹೋಗಲೇಬೇಕು.

ಈ ಮುಂಗಾರಿಗೆ ಮೊದಲು ಹಳೆ ಕಾರಿನ ಮಾಲೀಕರು ಗ್ಯಾರೇಜಿಗೆ ಹೋದಾಗ ಕೇಳಬೇಕಾದದ್ದು ಇಷ್ಟು: ನಾಲ್ಕೂ ಡ್ರಮ್, ಡಿಸ್ಕ್ ಬಿಚ್ಚಿ ನನ್ನ ಕಣ್ಣೆದುರು ತೋರಿಸಿ; ಹಿಂದಿನ ಅಡ್ಜಸ್ಟರ್ ತಿರುಗುವಂತೆ ಮಾಡಿ; ಹೋಸ್ ಬದಲಿಸಿ; ಹಳೆ ಆಯಿಲ್ ಪೂರ್ತಿ ತೆಗೆದು ಮುಚ್ಚಿದ ಡಬ್ಬಿಯಿಂದ ಹೊಸದು ಹಾಕಿ; ಒಳ್ಳೆಯ ಕಂಪನಿಯ ಪ್ಯಾಡ್, ಲೈನರ್ ಕೂರಿಸಿ. ಉಳಿದ ಹಣ ನಾಲ್ಕು ಹೊಸ ಟೈರಿಗಿರಲಿ. ಇಷ್ಟಾದ ಮೇಲೂ ಬ್ರೇಕ್ ಸಾಲದೆನಿಸಿದರೆ ಆಗ ದೊಡ್ಡ ಡಿಸ್ಕಿನ ಮಾತು ತೆಗೆಯಿರಿ.