ಮನೆಯ ದೀಪವೂ ಓಮನ ಲೆಕ್ಕವೂ

ಸ್ನಾನದ ಮನೆಯಲ್ಲಿ ನೀರು ಕಾಯಿಸುವ ಯಂತ್ರದ ಗುಂಡಿಯನ್ನೊತ್ತಿದ ಕೂಡಲೆ ನಡುಮನೆಯ ದೀಪವು, ಅದು ಹಳೆಯ ಬಗೆಯ ತಂತುದೀಪವಾಗಿದ್ದರೆ, ಕೊಂಚ ಮಂಕಾಗುವುದನ್ನು ಅನೇಕ ಗೃಹಸ್ಥರು ಕಂಡಿರಬಹುದು. "ಕರೆಂಟು ಸಾಲದು" ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಇದರ ಕಾರಣವನ್ನು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಡ. ತ್ರೈರಾಶಿಕ ಬಲ್ಲವರಿಗೆ ಸಾಧ್ಯವಾದ ಲೆಕ್ಕವಿದು.

ಈ ಲೆಕ್ಕವನ್ನು ಲೋಕಕ್ಕೆ ಕೊಟ್ಟವನು ಜರ್ಮನಿಯ ಗೇಯೋರ್ಗ್ ಸೈಮನ್ ಓಮ್. ೧೭೮೯ರಲ್ಲಿ ಎರ್ಲಾಂಗೆನ್ ಪಟ್ಟಣದಲ್ಲಿ ಬೀಗ ಮಾಡುವವನ ಮಗನಾಗಿ ಹುಟ್ಟಿದ ಈತನು ಕಲೋನ್ ನಗರದಲ್ಲಿ ಉಪಾಧ್ಯಾಯನಾಗಿದ್ದನು. ೧೮೨೭ರಲ್ಲಿ ತನ್ನ ನಿಯಮವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದಾಗ ಸ್ವದೇಶದ ಪಂಡಿತರು ಅದನ್ನು ಆದರಿಸಲಿಲ್ಲ. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಶಾಲೆಯ ಮೇಷ್ಟರ ಮಾತಿಗೆ ಮನ್ನಣೆ ತಡವಾಗಿ ಬರುವುದು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯೆಂದು ತೋರುತ್ತದೆ!

ತಂತಿಯಲ್ಲಿ ವಿದ್ಯುತ್ತನ್ನು ನೂಕುವ ಒತ್ತಡವನ್ನು ವೋಲ್ಟುಗಳಿಂದಲೂ, ಹರಿಯುವ ಪ್ರವಾಹವನ್ನು ಆಂಪೇರುಗಳಿಂದಲೂ, ಅದನ್ನು ತಡೆಯುವ ರೋಧವನ್ನು ಓಮುಗಳಿಂದಲೂ ಅಳೆಯುತ್ತಾರೆ. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುತ್ತದೆ, ನಿಯಮವು ಇಷ್ಟೆ. ಭಾಸ್ಕರಾಚಾರ್ಯರ ಲೀಲಾವತಿಯನ್ನು ಓದಿದವರು ಒತ್ತಡದ ವಿಷಯದಲ್ಲಿ ಇದು ತ್ರೈರಾಶಿಕ, ರೋಧದ ವಿಷಯದಲ್ಲಿ ವ್ಯಸ್ತತ್ರೈರಾಶಿಕ ಎಂದು ಒಡನೆಯೇ ಗುರುತಿಸುವರು. ಶಾಖವು ಬದಲಾದರೆ ರೋಧವೂ ಬದಲಾಗುವುದುಂಟು. ಫ್ಯಾನು, ಪಂಪುಗಳಿಗೆ ಬೇರೆ ಗಣನೆಯೂ ಬೇಕು. ಕಾಯಿಸುವ ಸಾಧನಗಳಿಗಾದರೋ ಈ ನಿಯಮವು ಸಾಕು.

ನಮ್ಮ ಮನೆಗಳಿಗೆ ಬರುವ ಒತ್ತಡವು ೨೩೦ ವೋಲ್ಟು. ನೀರು ಕಾಯಿಸುವ ಯಂತ್ರದ ರೋಧವು ೨೩ ಓಮ್ ಇದ್ದರೆ ಅದರಲ್ಲಿ ೧೦ ಆಂಪೇರ್ ಹರಿಯಬೇಕು. ಆದರೆ ಕಂಬದಿಂದ ಮನೆಯವರೆಗಿನ ತಂತಿಗೂ ರೋಧವುಂಟಷ್ಟೆ? ಹೋಗುವ ಬರುವ ದಾರಿ ಸೇರಿ ಅದು ೧ ಓಮ್ ಎನ್ನೋಣ. ಒಂದರ ಮುಂದೊಂದು ನಿಂತ ರೋಧಗಳನ್ನು ಕೂಡಿದರಾಯಿತು: ಒಟ್ಟು ೨೪ ಓಮ್, ಪ್ರವಾಹವು ಸುಮಾರು ೯.೬ ಆಂಪೇರ್. ಅಷ್ಟು ಪ್ರವಾಹವನ್ನು ೧ ಓಮಿನ ತಂತಿಯಲ್ಲಿ ನೂಕಲು ೯.೬ ವೋಲ್ಟು ವ್ಯಯವಾಗುತ್ತದೆ. ಮನೆಯೊಳಗೆ ಉಳಿಯುವುದು ೨೨೦ಕ್ಕೆ ಕೊಂಚ ಮೇಲೆ. ದೀಪವು ಮಂಕಾದ ರಹಸ್ಯವು ಇದೇ.

ಇನ್ನು ಒಂದೇ ತಂತಿಯಿಂದ ಕವಲೊಡೆದು ಎರಡು ಸಾಧನಗಳು ನಡೆದರೆ ಹೇಗೆ? ತಡೆಗಳು ಹೆಚ್ಚಿದವು, ಪ್ರವಾಹವು ಕಡಿಮೆಯಾಗಬೇಕು ಎಂದು ಅನೇಕರ ಊಹೆ. ಲೀಲಾವತಿಯ ಝರಿಗಳ ಲೆಕ್ಕವನ್ನು ನೆನೆಯಿರಿ. ನಾಲ್ಕು ಝರಿಗಳು ಕೊಳವೊಂದನ್ನು ಪ್ರತ್ಯೇಕವಾಗಿ ಒಂದು ದಿನ, ಅರ್ಧ ದಿನ, ದಿನದ ೧/೩, ದಿನದ ೧/೬ ಕಾಲಗಳಲ್ಲಿ ತುಂಬುತ್ತವೆ. ಎಲ್ಲವನ್ನೂ ಒಮ್ಮೆಗೆ ಬಿಟ್ಟರೆ ಎಷ್ಟು ಕಾಲ? ಭಿನ್ನಗಳನ್ನು ತಿರುಗಿಸಿ ಕೂಡಬೇಕು: ೧, ೨, ೩, ೬ ಸೇರಿ ೧೨, ಅದನ್ನು ಮರಳಿ ತಿರುಗಿಸಿದರೆ ದಿನದ ೧/೧೨. ಕವಲುಗಳ ರೋಧಕ್ಕೂ ಇದೇ ವಿಧಾನ. ೨೩ ಓಮಿನ ಯಂತ್ರದೊಡನೆ ೪೬ ಓಮಿನ ಇಸ್ತ್ರಿಪೆಟ್ಟಿಗೆಯನ್ನು ಸೇರಿಸಿದರೆ ೧/೨೩, ೧/೪೬ ಇವುಗಳ ಮೊತ್ತ ೩/೪೬. ತಿರುಗಿಸಿದರೆ ರೋಧವು ೧೫⅓ ಓಮ್ ಮಾತ್ರ. ಕಂಬದ ತಂತಿಯ ರೋಧವನ್ನು ಸದ್ಯಕ್ಕೆ ಬಿಟ್ಟರೆ, ಪ್ರವಾಹವು ೧೫ ಆಂಪೇರಿಗೆ ಏರಿತು. ದಾರಿಗಳು ಹೆಚ್ಚಿದಷ್ಟೂ ತಡೆಯು ಕುಗ್ಗುವುದು.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಪ್ರವಾಹವು ಒಂದೂವರೆಯಾದರೆ ಶಾಖವು ಎರಡೂಕಾಲು ಪಾಲಾಗುತ್ತದೆ. ಮಿತಿಮೀರಿದಾಗ ತಾನು ಕರಗಿ ಮನೆಯನ್ನು ಕಾಯುವುದೇ ಫ್ಯೂಸಿನ ಕೆಲಸ. ಅದು ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿಯನ್ನು ಸುತ್ತುವವರುಂಟು. ಅದು ಬೊಗಳಿತೆಂದು ನಾಯಿಯ ಬಾಯಿ ಕಟ್ಟಿ ಮಲಗಿದಂತೆ.

ಆದರೆ ಫ್ಯೂಸಿಗೂ ಕಾಣದ ಅಪಾಯವೊಂದುಂಟು. ನೀರು ಕಾಯಿಸುವ ಯಂತ್ರವೊಂದೇ ನಡೆಯುತ್ತಿರುವಾಗ, ಪ್ಲಗ್ಗಿನ ಕಡ್ಡಿಯೋ ತಿರುಪೋ ಸಡಿಲವಾಗಿ, ಆ ಒಂದೇ ಸ್ಥಳದಲ್ಲಿ ಅರ್ಧ ಓಮಿನ ರೋಧವು ಹುಟ್ಟಿತೆನ್ನಿ. ಒಟ್ಟು ೨೩½ ಓಮ್, ಪ್ರವಾಹವು ೯.೮ ಆಂಪೇರ್, ಅಂದರೆ ಮೊದಲಿಗಿಂತ ಕಡಿಮೆ! ಫ್ಯೂಸು ಕರಗಲು ಕಾರಣವೇ ಇಲ್ಲ. ಪ್ರವಾಹದ ವರ್ಗವನ್ನು ಆ ಅರ್ಧ ಓಮಿನಿಂದ ಗುಣಿಸಿದರೆ ಬರುವುದು ಸುಮಾರು ೪೮ ವಾಟು. ಬೆಸುಗೆ ಹಾಕುವ ಕಾವಿಯ ಶಾಖವೆಲ್ಲ ಹುಣಿಸೆಬೀಜದಷ್ಟು ಜಾಗದಲ್ಲಿ. ಮೊದಲು ಪ್ಲಗ್ಗಿನ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ; ಬಳಿಕ ಸುಟ್ಟ ವಾಸನೆ; ಶಾಖದಿಂದ ಹಿಡಿತವು ಮತ್ತಷ್ಟು ಸಡಿಲಿ ರೋಧವು ಇನ್ನೂ ಬೆಳೆಯುತ್ತದೆ. ಇಂಥ ಕಂದುಕಲೆಯನ್ನು ಕಂಡವರು ಬೆರಳಿಟ್ಟು ಪರೀಕ್ಷಿಸಲು ಹೋಗದೆ, ಮುಖ್ಯ ಗುಂಡಿಯನ್ನು ಆರಿಸಿ, ಕೆಲಸ ಬಲ್ಲವನನ್ನು ಕರೆಯಿಸಿ ಆ ಪ್ಲಗ್ಗನ್ನೂ ಅದರ ಗೂಡನ್ನೂ ಎರಡನ್ನೂ ಬದಲಾಯಿಸತಕ್ಕದ್ದು. ಒಂದನ್ನೇ ಬದಲಾಯಿಸಿದರೆ ಸುಟ್ಟ ಹಳೆಯ ಲೋಹವು ಹೊಸದನ್ನೂ ಕೆಡಿಸುತ್ತದೆ.