ಒಂದೇ ಬಿಸಿಲು, ಹಲವು ಮೈಬಣ್ಣ

ಏಪ್ರಿಲ್ 22ರ ಸುಮಾರಿಗೆ ಒಮ್ಮೆ, ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ, ನಡುಮಧ್ಯಾಹ್ನದ ಹೊತ್ತಿನಲ್ಲಿ ಮೈಸೂರಿನ ದೊಡ್ಡ ಗಡಿಯಾರದ ನೆರಳು ಅದರ ಬುಡ ಬಿಟ್ಟು ಹೊರಗೆ ಬೀಳುವುದಿಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆಯಷ್ಟೇ ದೂರದಲ್ಲಿರುವ ಈ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಬಾರಿ ನೇರವಾಗಿ ಹಾದುಹೋಗುತ್ತಾನೆ. ಆ ಬಿಸಿಲು ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವರ ಮೇಲೂ ಕೊಳ್ಳುವವರ ಮೇಲೂ ಒಂದೇ ಸಮನೆ ಬೀಳುತ್ತದೆ. ಹಾಗಿದ್ದರೆ ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ, ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು, ಅಚ್ಚಗಪ್ಪು ಮೈಬಣ್ಣಗಳು ಏಕೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹೆಣ್ಣು ನೋಡಲು ಬಂದವರು ತಿಂಡಿ ಮುಗಿಸಿ ಹೊರಡುವಾಗ ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುವುದುಂಟು. ಆ ‘ಆದರೂ’ ಎಷ್ಟೋ ಹುಡುಗಿಯರ ಮದುವೆಯನ್ನು ಮುಂದೂಡಿದೆ. ಗರ್ಭಿಣಿಗೆ ಕೇಸರಿ ಹಾಲು ಕುಡಿಸಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆಯೂ ಹಳೆಯದು. ಹಾಗಾಗದಿದ್ದರೆ ದೂರು ತಾಯಿಯ ಮೇಲೆ. ಮೈಸೂರು ಸೀಮೆಯ ಕೃಷ್ಣಶಿಲೆಯಲ್ಲಿ ಇಲ್ಲಿನ ಶಿಲ್ಪಿ ಅರುಣ್ ಯೋಗಿರಾಜ್ ಕಡೆದ ಬಾಲರಾಮನ ವಿಗ್ರಹ 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದಾಗ ಊರು ಹೆಮ್ಮೆಪಟ್ಟಿತು. ದೇವರಿಗೆ ಒಪ್ಪುವ ಬಣ್ಣ ಸೊಸೆಗೆ ಮಾತ್ರ ಒಪ್ಪುವುದಿಲ್ಲ!

ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳಿವೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಯಾವ ಬಗೆಯ ಮೆಲನಿನ್ನನ್ನು ಎಷ್ಟು ತಯಾರಿಸುತ್ತವೆ ಎಂಬುದರಲ್ಲಿದೆ ವ್ಯತ್ಯಾಸ. ಈ ಮೆಲನಿನ್ ಮೈಗೆ ಹಿಡಿದ ಕೊಡೆಯಿದ್ದಂತೆ. ಸೂರ್ಯನ ಅತಿನೇರಳೆ ಕಿರಣಗಳು ದೇಹದಲ್ಲಿರುವ ಫೋಲೇಟ್ ಎಂಬ ಜೀವಸತ್ವವನ್ನು ಹಾಳುಮಾಡಬಲ್ಲವು. ಗರ್ಭದಲ್ಲಿರುವ ಶಿಶುವಿನ ಮೆದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಅದು ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆ ಇದೇ ಜೀವಸತ್ವದ್ದು. ಬಿರುಬಿಸಿಲಿನ ನಾಡುಗಳಲ್ಲಿ ಕಪ್ಪು ಚರ್ಮ ಉಳಿದುಬರಲು ಇದು ಮುಖ್ಯ ಕಾರಣವೆಂದು ಅಮೆರಿಕದ ಮಾನವಶಾಸ್ತ್ರಜ್ಞೆ ನೀನಾ ಜಬ್ಲೊನ್ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ 2000ದಲ್ಲಿ ವಾದಿಸಿದರು. ಬಿಸಿಲು ಕಡಿಮೆಯಿರುವ ಉತ್ತರದ ದೇಶಗಳ ತೊಂದರೆಯೇ ಬೇರೆ. ಡಿ ಜೀವಸತ್ವ ತಯಾರಾಗಬೇಕಾದರೆ ಕಿರಣಗಳು ಚರ್ಮದೊಳಗೆ ಇಳಿಯಬೇಕು. ಅಲ್ಲಿ ಕೊಡೆ ತೆಳುವಾಯಿತು.

ಹಾಗೆಂದು, ಬಿಸಿಲಿನಲ್ಲಿ ದುಡಿದವರಿಗೆ ಕಪ್ಪು ಮಕ್ಕಳು ಹುಟ್ಟುತ್ತಾರೆ ಎಂದುಕೊಳ್ಳಬಾರದು. ಮಂಡ್ಯದ ಗದ್ದೆಯಲ್ಲಿ ನಾಟಿ ಮಾಡಿ ಕಪ್ಪಾದ ಕೈ ಆ ತಲೆಮಾರಿಗೇ ಮುಗಿಯಿತು. ಅದು ವಂಶವಾಹಿಗೆ ಇಳಿಯುವುದಿಲ್ಲ. ಮೈಬಣ್ಣ ಅಳೆಯುವ ಮಾನವಶಾಸ್ತ್ರಜ್ಞರು ಬಿಸಿಲು ತಾಗದ ತೋಳಿನ ಒಳಭಾಗವನ್ನೇ ಆರಿಸಿಕೊಳ್ಳುವುದು ಇದಕ್ಕಾಗಿ. ಪರಿಸರವು ಜನಸಮುದಾಯವೊಂದರ ಬಣ್ಣವನ್ನು ತಿದ್ದಲು ಸಾವಿರಾರು ವರ್ಷ ಬೇಕು. ಯಲ್ಲಾಪುರ, ಹಳಿಯಾಳದ ಕಡೆ ಕಾಡಿನ ಮಗ್ಗುಲಲ್ಲಿ ಬಾಳುತ್ತಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿವೆ. ಮಲೆನಾಡಿನ ನೆರಳು ಅವರ ಬಣ್ಣವನ್ನು ತಿಳಿಯಾಗಿಸಲಿಲ್ಲ.

ಹಾಗಾದರೆ ಮೈಸೂರಿನ ಬೀದಿಯ ಬಣ್ಣಗಳು ಬಂದದ್ದು ಎಲ್ಲಿಂದ? 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಗಾಜಿನ ತೊಟ್ಟಿಯಲ್ಲಿ ಸಾಕುವ ಪಟ್ಟೆಯ ಪುಟ್ಟ ಮೀನೊಂದರಲ್ಲಿ ಬಣ್ಣಕ್ಕೆ ಸಂಬಂಧಿಸಿದ ವಂಶವಾಹಿಯನ್ನು ಗುರುತಿಸಿದರು. ಅದು ಮನುಷ್ಯರಲ್ಲೂ ಇದೆ. ಎಸ್‌ಎಲ್‌ಸಿ24ಎ5 ಎಂಬ, ಯಾರ ನೆನಪಿನಲ್ಲೂ ನಿಲ್ಲದ ಹೆಸರು ಅದಕ್ಕೆ. ಅದರಲ್ಲಿ ಒಂದು ಅಕ್ಷರ ಬದಲಾದರೆ ಸಾಕು, ಮೈಬಣ್ಣ ತಿಳಿಯಾಗುತ್ತದೆ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಭಾರತದ ಹಲವು ಸಮುದಾಯಗಳನ್ನು ಪರೀಕ್ಷಿಸಿ, ಇಲ್ಲಿನವರಲ್ಲೂ ಯೂರೋಪಿನವರಲ್ಲೂ ಇರುವ ಈ ಬದಲಾವಣೆ ಒಂದೇ ಪೂರ್ವಿಕ ಮೂಲದ್ದೆಂದು 2013ರಲ್ಲಿ ತೋರಿಸಿತು. ವಾಯವ್ಯ ಭಾರತದಲ್ಲಿ ಅದು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಆದರೆ ಒಂದೇ ಊರಿನ ಬಿಸಿಲು ಕಾಯುವ ಎರಡು ಸಮುದಾಯಗಳಲ್ಲೂ ಅದರ ಪ್ರಮಾಣ ಬೇರೆಬೇರೆ ಇರಬಹುದು.

ಇಲ್ಲಿ ಸೂರ್ಯನ ಕೆಲಸ ಮುಗಿದು ಮದುವೆಯ ಕೆಲಸ ಆರಂಭವಾಗುತ್ತದೆ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಜನ ಧಾರಾಳವಾಗಿ ಬೆರೆತರೆಂದೂ, ಅನಂತರ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತರುವ ಪದ್ಧತಿ ಬಿಗಿಯಾಯಿತೆಂದೂ 2013ರ ಇನ್ನೊಂದು ಅಧ್ಯಯನ ಹೇಳುತ್ತದೆ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಳ್ಳುವ ನಮ್ಮ ಕಡೆ ಈ ಬಿಗಿ ಇನ್ನೂ ಒಂದು ಸುತ್ತು ಹೆಚ್ಚು. ಭಾರತೀಯರ ಮೈಬಣ್ಣದ ವೈವಿಧ್ಯದಲ್ಲಿ ಬಿಸಿಲಿನ ಜೊತೆಗೆ ಇಂಥ ಸಾಮಾಜಿಕ ಕಟ್ಟುಪಾಡುಗಳ ಪಾಲೂ ದೊಡ್ಡದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ಕಂಡುಕೊಂಡಿತು. ಜಬ್ಲೊನ್ಸ್ಕಿ, ಚಾಪ್ಲಿನ್ ಇಬ್ಬರೂ ಆ ತಂಡದಲ್ಲಿದ್ದರು.

ಒಂದೇ ಮನೆಯಲ್ಲಿ ಅಕ್ಕ ಕಪ್ಪು, ತಂಗಿ ಬಿಳುಪು ಆಗುವುದಕ್ಕೆ ಕಾರಣ, ಮೈಬಣ್ಣ ಒಂದೇ ವಂಶವಾಹಿಯ ಕೈಯಲ್ಲಿ ಇಲ್ಲದಿರುವುದು. ಹತ್ತಾರು ವಂಶವಾಹಿಗಳು ಅದಕ್ಕೆ ಸ್ವಲ್ಪಸ್ವಲ್ಪವೇ ಸೇರಿಸುತ್ತವೆ. ಪ್ರತಿ ಮಗುವಿಗೂ ಅವು ಇಸ್ಪೀಟಿನ ಎಲೆಗಳಂತೆ ಹೊಸದಾಗಿ ಕಲೆತು ಹಂಚಿಕೆಯಾಗುತ್ತವೆ, ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಗರ್ಭ ಕಟ್ಟಿದ ಗಳಿಗೆಯಲ್ಲೇ ಆ ಹಂಚಿಕೆ ಮುಗಿದಿರುತ್ತದೆ. ಕೇಸರಿ ಹಾಲಿನ ಲೋಟ ಬಸುರಿಯ ಕೈಗೆ ಬರುವುದು ಅದಾದ ಎಷ್ಟೋ ವಾರಗಳ ಮೇಲೆ.